ಗಾಂಧಾರ ಬಿಟ್ಟುಕೊಟ್ಟ ಗಿಟಾರ್

ಕೇಳುಗರಿಗೆ ನಮಸ್ಕಾರ. ಬೇರೆಯವರ ಹಾಡುಗಳನ್ನು ಮೆಟಲ್ ಬ್ಯಾಂಡುಗಳು, ಅಂದರೆ ಗರಗರ ಗಿಟಾರಿನ ಭಾರೀ ರಾಕ್ ನುಡಿಸುವವರು, ಮರುರೂಪಿಸುವ ಬಗ್ಗೆ ಇಂದಿನ ಮಾತು.

ಎರಡು ಕಂಠ, ಹಿಂದೆ ಮೆದುವಾಗಿ ಮೀಟುವ ಗಿಟಾರ್. ಪಾಲ್ ಸೈಮನ್ ಮತ್ತು ಆರ್ಟ್ ಗಾರ್ಫಂಕೆಲ್ 1964ರಲ್ಲಿ ‘ದ ಸೌಂಡ್ ಆಫ್ ಸೈಲೆನ್ಸ್’ ಹಾಡನ್ನು ಧ್ವನಿಮುದ್ರಿಸಿದ್ದು ಹೀಗೆ. ಆಲ್ಬಮ್ ಓಡಲಿಲ್ಲ. ಜೋಡಿ ತಮ್ಮ ತಮ್ಮ ದಾರಿ ಹಿಡಿಯಿತು. ಮರುವರ್ಷ ನಿರ್ಮಾಪಕ ಟಾಮ್ ವಿಲ್ಸನ್ ಅವರಿಬ್ಬರಿಗೂ ಹೇಳದೆಯೇ ಅದೇ ಧ್ವನಿಮುದ್ರಣದ ಮೇಲೆ ಎಲೆಕ್ಟ್ರಿಕ್ ಗಿಟಾರ್, ಬಾಸ್, ಡ್ರಮ್ಸ್ ಹತ್ತಿಸಿ ಮತ್ತೆ ಬಿಡುಗಡೆ ಮಾಡಿದರು. 1966ರ ಜನವರಿಯಲ್ಲಿ ಹಾಡು ಅಮೆರಿಕದಲ್ಲಿ ಮೊದಲನೇ ಸ್ಥಾನಕ್ಕೇರಿತು. ಅಂದರೆ ಇಂದು ನಾವು ಮೂಲ ಎಂದುಕೊಂಡಿರುವುದೂ ಒಂದು ಬಗೆಯಲ್ಲಿ ಮರುರೂಪವೇ.

ಸುಮಾರು ಐವತ್ತು ವರ್ಷಗಳ ಮೇಲೆ, 2015ರಲ್ಲಿ, ಡಿಸ್ಟರ್ಬ್ಡ್ ಎಂಬ ಅಮೆರಿಕದ ಮೆಟಲ್ ಬ್ಯಾಂಡ್ ಇದೇ ಹಾಡನ್ನು ಎತ್ತಿಕೊಂಡಿತು. ಮೊದಲ ಸಲ ಕೇಳುವಾಗ ನನ್ನ ಕೈ ವಾಲ್ಯೂಮ್ ಗುಂಡಿಯ ಮೇಲೇ ಇತ್ತು. ಈಗ ಸಿಡಿಯುತ್ತದೆ, ಈಗ ಸಿಡಿಯುತ್ತದೆ ಎಂದು ಕಾಯುತ್ತಿದ್ದೆ. ಬಂದದ್ದು ಪಿಯಾನೊ. ಅದರ ಮೇಲೆ ಗಾಯಕ ಡೇವಿಡ್ ಡ್ರೇಮನ್ ಅವರ ತೀರ ತಗ್ಗಿದ ದನಿ, ಕಿವಿಯ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಆಮೇಲೆ ನಿಧಾನಕ್ಕೆ ತಂತಿವಾದ್ಯಗಳು, ದೊಡ್ಡ ನಗಾರಿಯಂಥ ಟಿಂಪನಿ. ಕೊನೆಕೊನೆಗೆ ಅದೇ ದನಿ ಒಂದು ಸ್ಥಾಯಿ ಮೇಲಕ್ಕೆ ಹಾರಿ ಗುಡುಗುತ್ತದೆ. ಗರಗರ ಎನ್ನುವ ಗಿಟಾರ್ ಹಾಡಿನುದ್ದಕ್ಕೂ ಬರಲೇ ಇಲ್ಲ. ಮೆಟಲ್ ಬ್ಯಾಂಡೊಂದು ತನ್ನ ಆಯುಧಗಳನ್ನು ಹೊರಗಿಟ್ಟು ಒಳಗೆ ಬಂದಿತ್ತು, ಆದರೂ ಭಾರಕ್ಕೆ ಕೊರತೆಯಿರಲಿಲ್ಲ. 2016ರ ಮಾರ್ಚ್‌ನಲ್ಲಿ ಅವರು ಟೀವಿ ಕಾರ್ಯಕ್ರಮವೊಂದರಲ್ಲಿ ಅದನ್ನು ಹಾಡಿದರು. ನೋಡಿದ ಪಾಲ್ ಸೈಮನ್ ಮೆಚ್ಚಿ ಡ್ರೇಮನ್ ಅವರಿಗೆ ಇಮೇಲ್ ಬರೆದರು.

ಒಬ್ಬರ ಹಾಡನ್ನು ಇನ್ನೊಬ್ಬರು ಮತ್ತೆ ಹಾಡುವ ಇಂಥ ಕವರ್ ವರ್ಷನ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ಬ್ಯಾಂಡ್ ಏನು ಸೇರಿಸಿತು ಎಂದೇ ಕೇಳುತ್ತೇವೆ. ನನ್ನ ಕಿವಿ ಮಾತ್ರ ಏನನ್ನು ಬಿಟ್ಟಿತು ಎಂದು ಹುಡುಕುತ್ತದೆ. ಇದಕ್ಕೆ ಕಾರಣ ಮೆಟಲ್ ಗಿಟಾರಿನ ನಾದದಲ್ಲೇ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ. ಪಾಪ್ ಹಾಡಿನ ಸಾಮಾನ್ಯ ಕಾರ್ಡ್‌ನಲ್ಲಿ ಮೂರು ಸ್ವರ: ಷಡ್ಜ, ಗಾಂಧಾರ, ಪಂಚಮ. ಹಾಡು ನಗುತ್ತಿದೆಯೋ ಅಳುತ್ತಿದೆಯೋ ಎಂದು ತಿಳಿಸುವುದು ನಡುವಿನ ಗಾಂಧಾರ. ಅಂತರ ಗಾಂಧಾರವಾದರೆ ಮೇಜರ್, ಬೆಳಕು. ಸಾಧಾರಣ ಗಾಂಧಾರವಾದರೆ ಮೈನರ್, ಮೋಡ. ಈ ಮೂರನ್ನೂ ಡಿಸ್ಟಾರ್ಷನ್, ಅಂದರೆ ನಾದವನ್ನು ಬೇಕೆಂದೇ ಒರಟಾಗಿಸುವ ಪರಿಣಾಮ, ಹಾಕಿದ ಗಿಟಾರಿನಲ್ಲಿ ಒಟ್ಟಿಗೆ ಮೀಟಿ ನೋಡಿ, ಗೊಜಗೊಜ ಎನ್ನುತ್ತದೆ. ಡಿಸ್ಟಾರ್ಷನ್ ಬರೀ ಸದ್ದು ಹೆಚ್ಚಿಸಿ ಸುಮ್ಮನಾಗುವುದಿಲ್ಲ. ಅದು ಸ್ವರಗಳನ್ನು ಒಂದರೊಳಗೊಂದು ಬೆರೆಸಿ, ಅವುಗಳ ಕಂಪನಾಂಕಗಳನ್ನು ಕೂಡಿ ಕಳೆದು ಹೊಸ ಸ್ವರಗಳನ್ನು ಹುಟ್ಟಿಸುತ್ತದೆ. ಗಾಂಧಾರದಿಂದ ಹುಟ್ಟುವವು ಉಳಿದವುಗಳ ಜೊತೆ ಹೊಂದಿಕೊಳ್ಳದೆ ಕಚ್ಚಾಡುತ್ತವೆ. ಹಾಗಾಗಿ ಗಿಟಾರ್ ನುಡಿಸುವವರು ಅದನ್ನು ತೆಗೆದುಹಾಕಿ ಷಡ್ಜ-ಪಂಚಮ ಮಾತ್ರ ಇಟ್ಟುಕೊಳ್ಳುತ್ತಾರೆ. ಇದೇ ಪವರ್ ಕಾರ್ಡ್. ಷಡ್ಜ-ಪಂಚಮಗಳ ಕಂಪನ ಎರಡಕ್ಕೆ ಮೂರು. ಮೂರರಲ್ಲಿ ಎರಡು ಕಳೆದರೆ ಒಂದು. ಅಂದರೆ ಯಾರ ಬೆರಳೂ ಮೀಟದ ಕೆಳಸ್ಥಾಯಿಯ ಷಡ್ಜವೊಂದು ತಾನಾಗಿ ಮೊಳಗುತ್ತದೆ. ಎದೆಗೆ ಗುದ್ದಿದಂತೆ ಅನಿಸುವುದರಲ್ಲಿ ಅದರ ಪಾಲು ದೊಡ್ಡದು. ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಗೆ ಈ ಜೋಡಿ ಪರಕೀಯವೇನಲ್ಲ.

ಆದರೆ ಗಾಂಧಾರ ಹೋಯಿತಲ್ಲ! ಹಾಡಿನ ಮುಖವೇ ಹೋದ ಹಾಗೆ. ಅದನ್ನು ಯಾರು ಹಿಂದಕ್ಕೆ ತರಬೇಕು?

ಕಾಲೇಜಿನ ದಿನಗಳಲ್ಲಿ ನಾವು ನಾಲ್ವರು ಗೆಳೆಯರು ಒಂದು ಹಳೆಯ ಪ್ರೇಮಗೀತೆಯನ್ನು ಮೆಟಲ್ ಮಾಡಲು ಹೊರಟಿದ್ದೆವು. ಶುರುವಿನಿಂದ ಕೊನೆಯವರೆಗೆ ಡಬಲ್ ಬಾಸ್ ಡ್ರಮ್, ಎರಡು ಗಿಟಾರ್ ಪೂರ್ತಿ ಡಿಸ್ಟಾರ್ಷನ್‌ನಲ್ಲಿ. ಒಂದೇ ಮೈಕ್ ಇಟ್ಟು ರೆಕಾರ್ಡ್ ಮಾಡಿ ಕೇಳಿದಾಗ ನಾಲ್ವರೂ ಮುಖ ಮುಖ ನೋಡಿಕೊಂಡೆವು. ಹಾಡು ಎಲ್ಲೂ ಸಿಗಲಿಲ್ಲ. ಪಲ್ಲವಿ ಯಾವುದು, ಚರಣ ಯಾವುದು ತಿಳಿಯಲಿಲ್ಲ. ಹಾಡುವ ಗೆಳತಿ ಆಗ ಗಿಟಾರ್ ಎರಡನ್ನೂ ನಿಲ್ಲಿಸಿ ಎಂದಳು. ಬರೀ ಡ್ರಮ್ಸ್ ಮತ್ತು ಬಾಸ್ ಇಟ್ಟುಕೊಂಡು ಮೊದಲ ಸಾಲು ಹಾಡಿದಳು. ಅವಳ ದನಿಯಲ್ಲಿ ಆ ಗಾಂಧಾರ ಕಾಲು ಕ್ಷಣ ನಿಂತು ಇಳಿಯಿತು, ಕೂಡಲೇ ಹಾಡು ಕೋಣೆಯೊಳಗೆ ಬಂತು. ಆಮೇಲೆ ಅವಳು ಎಲ್ಲಿ ಉಸಿರು ಎಳೆದುಕೊಳ್ಳುತ್ತಾಳೋ ಅಲ್ಲಿ ಮಾತ್ರ ಗಿಟಾರ್ ಬರುವಂತೆ ಜೋಡಿಸಿಕೊಂಡೆವು. ಗಿಟಾರ್ ಬಿಟ್ಟುಕೊಟ್ಟ ಸ್ವರವನ್ನು ಹೊರುವುದು ಕಂಠದ ಕೆಲಸ ಎಂದು ನನಗೆ ಹೊಳೆದದ್ದು ಆ ಸಂಜೆ.

ಈ ಕಿವಿಯಿಂದ ಜೂಡಸ್ ಪ್ರೀಸ್ಟ್ ಎಂಬ ಮೆಟಲ್ ಬ್ಯಾಂಡನ್ನು ಕೇಳಬೇಕು. 1975ರಲ್ಲಿ ಅಮೆರಿಕದ ಗಾಯಕಿ ಜೋನ್ ಬಾಯೆಜ್ ಹಳೆಯ ಪ್ರೇಮವನ್ನು ನೆನೆದು ‘ಡೈಮಂಡ್ಸ್ ಆ್ಯಂಡ್ ರಸ್ಟ್’ ಹಾಡಿದ್ದರು. ಎರಡೇ ವರ್ಷಕ್ಕೆ ಇಂಗ್ಲೆಂಡಿನ ಈ ಬ್ಯಾಂಡ್ ಅದನ್ನು ಕುದುರೆಯ ನಾಗಾಲೋಟಕ್ಕೆ ಕಟ್ಟಿತು. ಲಯ ಓಡುತ್ತದೆ, ಗಾಯಕ ರಾಬ್ ಹ್ಯಾಲ್‌ಫರ್ಡ್ ಅವರ ಕಂಠ ಮಾತ್ರ ಆ ನೋವಿನ ರಾಗವನ್ನು ಬಿಡದೆ ಹಿಡಿದಿರುತ್ತದೆ. ನನ್ನ ಮಟ್ಟಿಗೆ ಮೆಟಲ್ ಕವರ್‌ಗಳಲ್ಲಿ ಇದಕ್ಕೇ ಅಗ್ರಸ್ಥಾನ.

ಮೂಲದಲ್ಲೇ ಮೆಟಲ್‌ನ ಬೀಜವಿರುವ ಹಾಡುಗಳೂ ಉಂಟು. 1964ರಲ್ಲಿ ಕಿಂಕ್ಸ್ ಬ್ಯಾಂಡಿನ ಹದಿಹರೆಯದ ಗಿಟಾರಿಸ್ಟ್ ಡೇವ್ ಡೇವಿಸ್ ತನ್ನ ಪುಟ್ಟ ಆಂಪ್ಲಿಫೈಯರ್‌ನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿ ‘ಯೂ ರಿಯಲಿ ಗಾಟ್ ಮಿ’ ಹಾಡಿನ ಒರಟು ನಾದ ಪಡೆದ. 1978ರಲ್ಲಿ ವ್ಯಾನ್ ಹೇಲನ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಅದನ್ನೇ ನುಡಿಸಿದಾಗ ಸೀಳುವ ಕೆಲಸ ಆಗಲೇ ಮುಗಿದಿತ್ತು.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ಅಮೆರಿಕದಲ್ಲಿ 1909ರ ಕಾಯ್ದೆಯಿಂದ ಈಚೆಗೆ, ಒಮ್ಮೆ ಬಿಡುಗಡೆಯಾದ ಹಾಡನ್ನು ಗೊತ್ತುಮಾಡಿದ ರಾಯಧನ ಕೊಟ್ಟು ಬೇರೆಯವರೂ ಧ್ವನಿಮುದ್ರಿಸಬಹುದು. ತಮ್ಮ ಶೈಲಿಗೆ ಒಗ್ಗಿಸಿಕೊಳ್ಳಬಹುದು. ಮೂಲ ಮಟ್ಟನ್ನೂ ಹಾಡಿನ ಸ್ವಭಾವವನ್ನೂ ಕೆಡಿಸುವಂತಿಲ್ಲ.

ಕೊನೆಗೆ ಒಂದು ಹಾಡು. 1993ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಪಟ್ಟಣದಲ್ಲಿ ಐರಿಷ್ ಸಶಸ್ತ್ರ ಸಂಘಟನೆ ಐಆರ್‌ಎ ಇಟ್ಟ ಬಾಂಬಿಗೆ ಇಬ್ಬರು ಹುಡುಗರು ಬಲಿಯಾದರು. ಒಬ್ಬನಿಗೆ ಮೂರು ವರ್ಷ, ಇನ್ನೊಬ್ಬನಿಗೆ ಹನ್ನೆರಡು. ಆ ಸಂಕಟದಲ್ಲಿ ಐರ್ಲೆಂಡಿನ ಕ್ರಾನ್‌ಬೆರೀಸ್ ಬ್ಯಾಂಡಿನ ಡೊಲೊರೆಸ್ ಒ’ರಿಯೊರ್ಡನ್ ‘ಜೋಂಬಿ’ ಬರೆದರು. 1994ರಲ್ಲಿ ಅದು ಬಿಡುಗಡೆಯಾಯಿತು. ಮೂಲದಲ್ಲಿ 1916 ಎಂಬ ಇಸವಿ ಬರುತ್ತದೆ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಐರ್ಲೆಂಡಿನಲ್ಲಿ ಎದ್ದ ಈಸ್ಟರ್ ದಂಗೆಯ ವರ್ಷ. ಬ್ಯಾಡ್ ವುಲ್ವ್ಸ್ ಎಂಬ ಅಮೆರಿಕದ ಮೆಟಲ್ ಬ್ಯಾಂಡ್ ಹಾಡನ್ನು ಮರುರೂಪಿಸಿದಾಗ ಆ ಜಾಗದಲ್ಲಿ 2018 ಎಂದು ಹಾಡಿತು. ಟ್ಯಾಂಕು, ಬಾಂಬು, ಬಂದೂಕುಗಳ ಸಾಲಿಗೆ ಡ್ರೋನ್ ಸೇರಿತು.

ಒ’ರಿಯೊರ್ಡನ್ ಅದನ್ನು ಕೇಳಿ ಮೆಚ್ಚಿದರು, ತಾವೂ ಜೊತೆಗೆ ಹಾಡುತ್ತೇನೆ ಎಂದರು. ಧ್ವನಿಮುದ್ರಣಕ್ಕೆ ಗೊತ್ತಾಗಿದ್ದ ದಿನ 2018ರ ಜನವರಿ 15. ಆ ಬೆಳಿಗ್ಗೆ ಲಂಡನ್ನಿನ ಹೋಟೆಲೊಂದರಲ್ಲಿ ಅವರು ತೀರಿಕೊಂಡಿದ್ದರು. ವಯಸ್ಸು 46. ಬ್ಯಾಂಡ್ ಕೆಲವೇ ದಿನಗಳಲ್ಲಿ ಹಾಡನ್ನು ಹೊರತಂದಿತು, ಬಂದ ಹಣದಲ್ಲಿ ಎರಡೂವರೆ ಲಕ್ಷ ಡಾಲರನ್ನು ಆಕೆಯ ಮೂವರು ಮಕ್ಕಳಿಗೆ ಕೊಟ್ಟಿತು.

ಕೇಳಿ ನೋಡಿ. ಪಿಯಾನೊದ ಮೇಲೆ ಬ್ಯಾಂಡಿನ ಅಂದಿನ ಗಾಯಕ ಟಾಮಿ ವೆಕ್ಸ್ಟ್ ಅವರ ಕಂಠ ಹಾಡನ್ನು ತಗ್ಗಿನಲ್ಲಿ ಶುರುಮಾಡುತ್ತದೆ, ಪಲ್ಲವಿಯಲ್ಲಿ ಗಿಟಾರುಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಅವುಗಳ ನಡುವೆ ಕೇಳಿಸುವುದು ಆತನೊಬ್ಬನ ದನಿ. ಆಕೆಗೆಂದು ಇಟ್ಟಿದ್ದ ಪಾಲನ್ನು ಬೇರೆ ಯಾರಿಂದಲೂ ಹಾಡಿಸಲಿಲ್ಲ.

ನಮಸ್ಕಾರ.