ಪಡವಲ, ಬದನೆ, ಅಲಸಂದೆ: ಎಳೆಯರ ತರಗತಿಯಲ್ಲಿ ತಾಳ

ಕೇಳುಗರೆಲ್ಲರಿಗೂ ನಮಸ್ಕಾರ. ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ತಾಳ ಕಲಿಸುವುದು ಹೇಗೆ ಎಂಬುದು ಈ ಹೊತ್ತಿನ ವಿಷಯ. ಸಂಗೀತ ಕಲಿಯದ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತು. ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಇಲ್ಲ, ಹಾರ್ಮೋನಿಯಂ ಇಲ್ಲ, ಹಾಗಾಗಿ ಸಂಗೀತವೂ ಇಲ್ಲ ಎಂದು ಕೈಬಿಡಬೇಕಾಗಿಲ್ಲ. ಆರು ವರ್ಷದ ಮಗುವಿಗೆ ಬೇಕಾದಷ್ಟು ತಾಳ ಕನ್ನಡ ಮಾತಿನಲ್ಲೇ ಇದೆ.

ಮೃದಂಗ ಕಲಿಯುವವರು ಕೈಯಲ್ಲಿ ನುಡಿಸುವ ಮೊದಲು ಬಾಯಲ್ಲಿ ಸೊಲ್ಕಟ್ಟು, ಅಂದರೆ 'ತಕಧಿಮಿ'ಯಂಥ ಪೆಟ್ಟಿನ ಅಕ್ಷರಗಳನ್ನು, ಹೇಳುತ್ತಾರೆ. ಯಕ್ಷಗಾನದಲ್ಲಿ ಬಾಯಿತಾಳ ಕಲಿಯದೆ ಚೆಂಡೆಯ ಹತ್ತಿರ ಹೋಗುವಂತಿಲ್ಲ. ತರಗತಿಯಲ್ಲೂ ಅದೇ ಕ್ರಮ ಸರಿ: ಮೊದಲು ಬಾಯಿ, ಆಮೇಲೆ ಕಾಲು, ಆಮೇಲೆ ಕೈ, ಕಟ್ಟಕಡೆಗೆ ವಾದ್ಯ. ಬಹಳ ಶಾಲೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಮೊದಲ ದಿನವೇ ಎಲ್ಲರೂ ಚಪ್ಪಾಳೆ ತಟ್ಟಬೇಕು, ಮಾರನೆಯ ದಿನ ಡಬ್ಬಿ ಬಡಿಯಬೇಕು. ಮೂರನೆಯ ದಿನಕ್ಕೆ ಗದ್ದಲ ತಾಳಲಾರದೆ ಎಲ್ಲವೂ ನಿಂತುಹೋಗುತ್ತದೆ.

ಬಾಯಿಗೆ ಬೇಕಾದ ಪದಗಳು ಸಂತೆಯಲ್ಲಿ ಸಿಗುತ್ತವೆ. 'ಪಡವಲ' ಎಂದರೆ ನಾಲ್ಕು ಮಾತ್ರೆ, ನಾಲ್ಕೂ ಹ್ರಸ್ವ, ಅದು 'ತಕಧಿಮಿ'. 'ಬದನೆ' ಮೂರು ಮಾತ್ರೆ, ಅದು 'ತಕಿಟ'. ಉತ್ತರ ಕರ್ನಾಟಕದಲ್ಲಿ 'ಬದನಿ' ಎಂದರೂ ಮಾತ್ರೆ ಮೂರೇ. 'ಅಲಸಂದೆ' ಐದು, ಏಕೆಂದರೆ 'ಸಂ' ಒಂದಕ್ಕೇ ಎರಡು ಮಾತ್ರೆ: ಎರಡು ಮತ್ತು ಮೂರು, 'ತಕ ತಕಿಟ'. 'ಬದನೆ ಪಡವಲ' ಎಂದು ಜೋಡಿಸಿದರೆ ಏಳು. ಮಕ್ಕಳ ಹೆಸರನ್ನೂ ಹೀಗೇ ಬಳಸಬಹುದು. ಬಸವ, ಕವಿತ ಮೂರಕ್ಕೆ. ಗಿರಿಧರ, ಮಂಜುಳ ನಾಲ್ಕಕ್ಕೆ. ತನ್ನ ಹೆಸರು ಯಾವ ಗುಂಪಿಗೆ ಸೇರುತ್ತದೆ ಎಂದು ಮಗು ತಾನೇ ಹೇಳಿ ನೋಡಿ ಕಂಡುಕೊಳ್ಳಲಿ, ನೀವು ಹೇಳಿಕೊಡಬೇಡಿ.

ಮೊದಲ ವಾರ ಪಡವಲ ಮಾತ್ರ. ಮಕ್ಕಳನ್ನು ವೃತ್ತದಲ್ಲಿ ನಿಲ್ಲಿಸಿ. ನೀವೊಬ್ಬರೇ ಸಮನಾದ ಗತಿಯಲ್ಲಿ ನಾಲ್ಕು ಸಲ 'ಪಡವಲ' ಹೇಳಿ, ಆಮೇಲೆ ಅವರು ಸೇರಲಿ. ಬಾಯಿ ಕೂಡಿದ ಮೇಲೆ ನಿಂತಲ್ಲೇ ಹೆಜ್ಜೆ: 'ಪ'ಕ್ಕೆ ಒಂದು ಕಾಲು, 'ವ'ಕ್ಕೆ ಇನ್ನೊಂದು. ಹತ್ತು ಸೆಕೆಂಡಿಗೆ ಹದಿನೆಂಟರಿಂದ ಇಪ್ಪತ್ತು ಹೆಜ್ಜೆ ಬೀಳುವಂತೆ ನೋಡಿಕೊಳ್ಳಿ. ಇದು ಬೇಗ ಎಂದು ದೊಡ್ಡವರಿಗೆ ಅನಿಸಬಹುದು. ಆದರೆ ಎಳೆಯ ಮಕ್ಕಳ ಸಹಜ ಗತಿ ನಮ್ಮದಕ್ಕಿಂತ ಚುರುಕು. ಕಲಿಕೆ ಸುಲಭವಾಗಲಿ ಎಂದು ನಿಧಾನ ಮಾಡಿದರೆ ಅವರಿಗೆ ಕಷ್ಟವೇ ಹೆಚ್ಚುತ್ತದೆ. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವಿನ ಖಾಲಿ ಜಾಗವನ್ನು ಅವರು ಕಾಯಲಾರರು, ಮುಂದಿನ ಪೆಟ್ಟಿಗೆ ಮೊದಲೇ ಧುಮುಕುತ್ತಾರೆ. ಪದ ಬೇಕಾಗಿರುವುದು ಇದಕ್ಕೇ. ನಡುವಿನ ಜಾಗವನ್ನು ಅಕ್ಷರ ತುಂಬಿಕೊಂಡಿದ್ದರೆ ಮಗು ಕಾಯಬೇಕಾಗಿಯೇ ಇಲ್ಲ.

ಹೆಜ್ಜೆ ಕೂಡಿದ ಮೇಲೆ ಕೈ. ಇಲ್ಲಿ ಒಂದು ಗೊಂದಲ ಖಂಡಿತ ಬರುತ್ತದೆ. ಪದದ ತಲೆಗೆ ಮಾತ್ರ ತಟ್ಟಿ ಎಂದರೆ ಅರ್ಧ ತರಗತಿ ನಾಲ್ಕು ಅಕ್ಷರಕ್ಕೂ ತಟ್ಟುತ್ತದೆ. ಅದನ್ನು ತಪ್ಪು ಎನ್ನಬೇಡಿ. ಅವರು ಅಕ್ಷರ ಹಿಡಿದಿದ್ದಾರೆ, ನೀವು ಕೇಳಿದ್ದು ಪೆಟ್ಟು. ಎರಡಕ್ಕೂ ಬೇರೆ ಬೇರೆ ಜಾಗ ಕೊಡಿ: ಪೆಟ್ಟು ಕಾಲಿಗೆ, ಅಕ್ಷರ ಎರಡು ಬೆರಳಿನಿಂದ ಅಂಗೈಗೆ. ಎರಡನ್ನೂ ಒಬ್ಬರೇ ಮಾಡುವುದು ಒಂದನೆಯ ತರಗತಿಗೆ ಕಷ್ಟ. ನಲಿಕಲಿ ಕೊಠಡಿಯಲ್ಲಿ ಮೂರು ತರಗತಿಯ ಮಕ್ಕಳು ಒಟ್ಟಿಗೆ ಇರುವುದು ಇಲ್ಲಿ ದೊಡ್ಡ ಅನುಕೂಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಹಾಡಿಗೆ ಹೇಗೂ ಜಾಗವಿದೆ. ಒಂದನೆಯವರು ಹೆಜ್ಜೆ ಹಾಕಲಿ, ಎರಡನೆಯವರು ಪದದ ತಲೆಗೆ ಚಪ್ಪಾಳೆ ತಟ್ಟಲಿ, ಮೂರನೆಯವರು ಅಕ್ಷರಗಳನ್ನು ಬೆರಳಲ್ಲಿ ನುಡಿಸಲಿ. ಒಂದೇ ಪದದ ಮೂರು ಪದರ ಒಟ್ಟಿಗೆ ಕೇಳಿಸುತ್ತದೆ.

ಮೂರರ ನಡೆಗೆ, ಅಂದರೆ ಬದನೆಗೆ, ಪದಕ್ಕೊಂದೇ ಹೆಜ್ಜೆ. ಅಕ್ಷರದ ವೇಗ ಹಾಗೇ ಇರಲಿ. ಹೆಜ್ಜೆ ತಾನಾಗಿ ಹತ್ತು ಸೆಕೆಂಡಿಗೆ ಹದಿಮೂರರ ಆಸುಪಾಸಿಗೆ ಇಳಿಯುತ್ತದೆ. ಪೆಟ್ಟು ಒಮ್ಮೆ ಎಡಗಾಲಿಗೆ, ಒಮ್ಮೆ ಬಲಗಾಲಿಗೆ ಬೀಳುವುದರಿಂದ ಮಕ್ಕಳಿಗೆ ತೂಗಿದಂತಾಗುತ್ತದೆ, ಖುಷಿಯಾಗುತ್ತದೆ. ಐದು ಮತ್ತು ಏಳು ಎರಡನೆಯ ತರಗತಿಯ ಕೊನೆಗೆ ಬಂದರೆ ಸಾಕು. ಏಳಕ್ಕೆ 'ಬ', 'ಪ', 'ವ' ಮೂರು ಕಡೆ ಚಪ್ಪಾಳೆ. ಏಳು ಎಣಿಕೆಯ ಮಿಶ್ರ ಛಾಪು ತಾಳ ಹೀಗೇ ಮೂರು, ಎರಡು, ಎರಡಾಗಿ ಒಡೆಯುತ್ತದೆ. ಭಾಮಿನಿ ಷಟ್ಪದಿಯ ಮೊದಲ ಸಾಲಿನ ಗಣಗಳೂ ಮೂರು, ನಾಲ್ಕು, ಮೂರು, ನಾಲ್ಕು. ಮುಂದೆ ಕುಮಾರವ್ಯಾಸನ ಪದ್ಯ ಪಾಠಕ್ಕೆ ಬಂದಾಗ ಈ ಮಕ್ಕಳ ಕಿವಿಗೆ ಆ ನಡೆ ಹೊಸದಾಗಿರುವುದಿಲ್ಲ.

ಇನ್ನು ಆದಿತಾಳ. ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳು, ಉಂಗುರದ ಬೆರಳು, ನಡುಬೆರಳು, ಆಮೇಲೆ ಪೆಟ್ಟು, ಮಗುಚು, ಪೆಟ್ಟು, ಮಗುಚು. ಆರು ವರ್ಷದ ಮಗುವಿಗೆ ಉಂಗುರದ ಬೆರಳನ್ನು ಬೇರೆಯಾಗಿ ಎಣಿಸುವುದೇ ಒಂದು ಕೆಲಸ. ಅದರ ಕಣ್ಣು ಬೆರಳಿನ ಮೇಲೆ ನೆಟ್ಟಿರುತ್ತದೆ, ಕಿವಿ ಮುಚ್ಚಿರುತ್ತದೆ. ಹಾಗಾಗಿ ಮೊದಲ ವರ್ಷ ಬೆರಳು ಬೇಡ. ಚಪ್ಪಾಳೆ, ತೊಡೆ, ತೊಡೆ, ತೊಡೆ, ಚಪ್ಪಾಳೆ, ಗಾಳಿ, ಚಪ್ಪಾಳೆ, ಗಾಳಿ. 'ಗಾಳಿ' ಎಂದರೆ ಎರಡೂ ಅಂಗೈ ಮೇಲೆ ಮಾಡಿ ಬಿಡಿಸುವುದು. ಒಂದೊಂದು ಎಣಿಕೆಗೆ ಪದದ ಅರ್ಧ ಬರಲಿ, 'ಪಡ', 'ವಲ' ಎಂದು. ಪೂರ್ತಿ ಆವರ್ತಕ್ಕೆ, ಅಂದರೆ ಎಂಟು ಎಣಿಕೆಯ ಒಂದು ಸುತ್ತಿಗೆ, ನಾಲ್ಕು ಪಡವಲ. ಸದ್ದಿಲ್ಲದ ಎಣಿಕೆಗೂ ಕಣ್ಣಿಗೆ ಕಾಣುವ ಒಂದು ಚಲನೆ ಇರಲೇಬೇಕು. ಸುಮ್ಮನಿರಿ ಎಂದಷ್ಟೇ ಹೇಳಿದರೆ ಮಗು ಆ ಎಣಿಕೆಯನ್ನೇ ನುಂಗಿ ಮುಂದೆ ಹೋಗಿಬಿಡುತ್ತದೆ.

ಎಲ್ಲರನ್ನೂ ಕಾಡುವ ತೊಂದರೆ ಓಟ. ತಾಳ ಶುರುವಾಗಿ ಅರ್ಧ ನಿಮಿಷದೊಳಗೆ ತರಗತಿ ಓಡತೊಡಗುತ್ತದೆ. ದನಿ ಏರಿದಂತೆ ವೇಗವೂ ಏರುತ್ತದೆ. ಪಕ್ಕದವನಿಗಿಂತ ಜೋರಾಗಿ ತಟ್ಟಬೇಕು ಎಂಬ ಹುಮ್ಮಸ್ಸೇ ಅದಕ್ಕೆ ಮುಖ್ಯ ಕಾರಣ. 'ನಿಧಾನ, ನಿಧಾನ' ಎಂದು ಕೂಗಿ ಪ್ರಯೋಜನವಿಲ್ಲ, ನಿಮ್ಮ ಕೂಗೇ ಗದ್ದಲವನ್ನು ಹೆಚ್ಚಿಸುತ್ತದೆ. ನೀವು ದನಿ ತಗ್ಗಿಸಿ, ಪಿಸುಮಾತಿಗೆ ಇಳಿಯಿರಿ, ಮೊಣಕಾಲು ಎತ್ತಿ ಭಾರವಾದ ಹೆಜ್ಜೆ ಇಡಿ. ನಿಮ್ಮನ್ನು ಕೇಳಿಸಿಕೊಳ್ಳಲು ಅವರೂ ದನಿ ಇಳಿಸುತ್ತಾರೆ, ಗತಿ ತಾನಾಗಿ ಕೂರುತ್ತದೆ. ಎರಡನೆಯ ತೊಂದರೆ ತಡವಾಗಿ ಬೀಳುವ ಪೆಟ್ಟು. ಹಿಂದೆ ನಿಂತವರು ಮುಂದಿನವರ ಸದ್ದು ಕೇಳಿ ಆಮೇಲೆ ತಟ್ಟುತ್ತಾರೆ. ಚಪ್ಪಾಳೆ ಬೀಳುವುದನ್ನಲ್ಲ, ಕೈ ಮೇಲೇಳುವುದನ್ನು ನೋಡಿ ಎಂದು ಹೇಳಿ; ನೀವೂ ಕೈಯನ್ನು ಎದೆಯಿಂದ ಭುಜದವರೆಗೆ ಸ್ಪಷ್ಟವಾಗಿ ಎತ್ತಿ. ಸಾಲಿಗಿಂತ ವೃತ್ತ ಒಳ್ಳೆಯದು ಎನ್ನುವುದು ಇದಕ್ಕೇ.

ತಪ್ಪು ತಟ್ಟುವ ಮಗುವಿನ ಕೈ ಹಿಡಿದು ತಟ್ಟಿಸಬೇಡಿ. ಆಗ ಕೈ ಆಡುವುದು ನಿಮ್ಮ ಲೆಕ್ಕದಲ್ಲಿ, ಮಗುವಿನ ಲೆಕ್ಕದಲ್ಲಲ್ಲ. ಪಕ್ಕದಲ್ಲಿ ನಿಂತು ಜೊತೆಗೆ ಹೆಜ್ಜೆ ಹಾಕಿ. ಕಿವಿ ಮಂದವಿರುವ ಮಗುವಿನ ಅಂಗೈಯನ್ನು ಮರದ ಬೆಂಚಿನ ಮೇಲೆ ಇಡಿಸಿ, ನೀವು ಆ ಬೆಂಚನ್ನೇ ತಟ್ಟಿ. ಅದುರು ಕೈಗೆ ಸಿಗುತ್ತದೆ.

ಸ್ವರದ ಬಗ್ಗೆ ಸ್ವಲ್ಪ. ಈ ವಯಸ್ಸಿನ ಕಂಠಕ್ಕೆ ಹಿತವಾದ ಹರವು ಚಿಕ್ಕದು: ಕೀಬೋರ್ಡಿನ ನಡುವಿನ ಸಿ ಮನೆಯಿಂದ ಅದರ ಮೇಲಿನ ಎ ಮನೆಯವರೆಗೆ, ಹೆಚ್ಚುಕಡಿಮೆ ಅಷ್ಟೇ. ಶಿಕ್ಷಕರು ತಾವು ಮಾತಾಡುವ ದನಿಯಲ್ಲೇ ಹಾಡು ಎತ್ತಿಕೊಂಡರೆ ಅದು ಮಕ್ಕಳಿಗೆ ತೀರ ತಗ್ಗು. ಅವರು ಹಾಡುವುದನ್ನು ಬಿಟ್ಟು ಗೊಣಗುತ್ತಾರೆ, ಇಲ್ಲವೇ ಕಿರುಚುತ್ತಾರೆ. ಮೈದಾನದ ಆಚೆ ಇರುವ ಗೆಳೆಯನನ್ನು ಮಕ್ಕಳು ಕೂಗಿ ಕರೆಯುವ ಎತ್ತರದಿಂದ ಶುರುಮಾಡಿ. ಗಂಡಸರ ದನಿ ಒಂದು ಸ್ಥಾಯಿ ಕೆಳಗಿರುತ್ತದೆ, ಅದನ್ನು ಅನುಕರಿಸಲು ಹೋಗಿ ಮಕ್ಕಳು ತಡವರಿಸುತ್ತಾರೆ. ತಿಳಿದನಿಯ ಒಂದು ಮಗು ಮೊದಲ ಸಾಲು ಎತ್ತಿಕೊಡಲಿ. ಮಾಯಾಮಾಳವಗೌಳ ರಾಗದ ಸರಳೆ ವರಸೆಯನ್ನು, ಅಂದರೆ ಮೊದಲ ಸ್ವರಪಾಠವನ್ನು, ಪುರಂದರದಾಸರು ಹಾಕಿಕೊಟ್ಟರು ಎಂಬುದು ಸಂಪ್ರದಾಯ, ಸಂಗೀತವನ್ನೇ ಕಲಿಯುವವರಿಗೆ ಅದೇ ದಾರಿ. ಆದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಷಡ್ಜಕ್ಕೆ, ಅಂದರೆ 'ಸ'ಕ್ಕೆ, ಅಂಟಿದಂತಿರುವ ಅದರ ರಿಷಭ, ಅಂದರೆ 'ರಿ', ಕೂಡಿಬರುವುದಿಲ್ಲ. ಮೋಹನ ರಾಗದ ಸ, ರಿ, ಗ, ಪ, ದ ಇಲ್ಲಿ ಸಲೀಸು. ಅದರಲ್ಲೂ ಮೇಲಿನಿಂದ ಇಳಿಯುವ 'ಪ, ಗ' ಮೊದಲು ಬರಲಿ, ಹತ್ತುವುದು ಆಮೇಲೆ.

ವಾದ್ಯ ಎರಡನೆಯ ತಿಂಗಳಿಗೆ. ಇನ್ನೂರು ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಎರಡು ಮೂರು ಚಮಚ ರಾಗಿ ಸಾಕು. ಕಾಲು ಭಾಗಕ್ಕಿಂತ ಹೆಚ್ಚು ತುಂಬಿದರೆ ಕಾಳು ಹಾರಲು ಜಾಗವಿಲ್ಲದೆ ಸದ್ದು ಮಂಕಾಗುತ್ತದೆ. ಚುರುಕಾದ ಸದ್ದು ಬೇಕಿದ್ದರೆ ಹುಣಸೆಬೀಜ. ಮುಚ್ಚಳಕ್ಕೆ ಅಂಟುಪಟ್ಟಿ ಬಿಗಿಯಾಗಿ ಸುತ್ತಿ; ಬೀಜ ಮೂಗಿಗೆ ಹೋಗುವುದು ಕ್ಷಣದ ಕೆಲಸ. ಬಾಟಲಿಯನ್ನು ಅಲ್ಲಾಡಿಸಿದರೆ ಹೋಗುವಾಗ ಒಂದು, ಬರುವಾಗ ಒಂದು ಸದ್ದು ಬಂದು ತಾಳ ಕೆಡುತ್ತದೆ. ಅಡ್ಡ ಹಿಡಿದು ಅಂಗೈಗೆ ತಟ್ಟಿಸಿ. ಮೂವತ್ತು ಮಕ್ಕಳಿದ್ದರೆ ವಾದ್ಯ ಆರಕ್ಕಿಂತ ಹೆಚ್ಚು ಬೇಡ. ಉಳಿದವರು ಪದ ಮತ್ತು ಹೆಜ್ಜೆ, ಸರದಿಯಂತೆ ಬದಲಾವಣೆ. ಕಂಚಿನ ತಾಳ ಒಂದೇ ಜೊತೆ ಇರಲಿ, ಅದರ ನಾದ ಉಳಿದುಕೊಂಡು ಬೇರೆಲ್ಲವನ್ನೂ ಮುಚ್ಚಿಬಿಡುತ್ತದೆ. ಕೋಲಾಟದ ಕೋಲು ಕೊಟ್ಟರೆ ಕೆಲವು ದಿನ ತನ್ನ ಎರಡು ಕೋಲನ್ನೇ ತಾಗಿಸಲಿ, ಜೋಡಿ ಆಮೇಲೆ.

ವಾರಕ್ಕೊಂದು ನಲವತ್ತು ನಿಮಿಷದ ಅವಧಿಗಿಂತ ದಿನಕ್ಕೆ ಎಂಟು ಹತ್ತು ನಿಮಿಷ ಹೆಚ್ಚು ಫಲ ಕೊಡುತ್ತದೆ.

ತಿಂಗಳ ಕೊನೆಗೆ ಒಂದು ಪರೀಕ್ಷೆ ಮಾಡಿ. ತರಗತಿ ಪಡವಲ ಹೇಳುತ್ತಾ ಹೆಜ್ಜೆ ಹಾಕುತ್ತಿರಲಿ. ನೀವು ತುಟಿಯ ಮೇಲೆ ಬೆರಳಿಟ್ಟಾಗ ಎಲ್ಲರ ಬಾಯಿಯೂ ನಿಲ್ಲಬೇಕು, ಹೆಜ್ಜೆ ಮಾತ್ರ ಮುಂದುವರಿಯಬೇಕು. ಎಂಟು ಹೆಜ್ಜೆಯಾದ ಮೇಲೆ ಕೈ ಎತ್ತಿ. 'ಪ' ಒಟ್ಟಿಗೆ ಬಿದ್ದರೆ ಮುಂದಿನ ಸಲ ಹೆಜ್ಜೆಯನ್ನೂ ನಿಲ್ಲಿಸಿ, ಎಣಿಕೆ ಒಳಗೇ ನಡೆಯಲಿ. ಚದುರಿ ಬಿದ್ದರೆ ಮೌನವನ್ನು ನಾಲ್ಕು ಹೆಜ್ಜೆಗೆ ಇಳಿಸಿ, ಅದೂ ಕೂಡದಿದ್ದರೆ ಎರಡಕ್ಕೆ. ಅಲ್ಲಿ ಕೂಡಿದ ಮೇಲೆ ಮತ್ತೆ ಏರಿಸುತ್ತಾ ಹೋಗಿ. ನಮಸ್ಕಾರ.