ಷೆಫೀಲ್ಡ್ ನೌಕೆಗೆ ಸಿಕ್ಕ ಒಂದೂವರೆ ನಿಮಿಷ

ಆತ್ಮೀಯ ಕೇಳುಗರೆ, ನಮಸ್ಕಾರ.

1982ರ ಮೇ 4. ಫಾಕ್‌ಲ್ಯಾಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ ಯುದ್ಧ ನಡೆದಿತ್ತು. ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಆ ದ್ವೀಪಗಳ ಆಚೆ, ಬ್ರಿಟನ್ನಿನ ಷೆಫೀಲ್ಡ್ ಎಂಬ ಯುದ್ಧನೌಕೆ ಕಾವಲಿಗೆ ನಿಂತಿತ್ತು. ಅದರ ಬೆನ್ನ ಹಿಂದೆ ವಿಮಾನವಾಹಕ ನೌಕೆ ಹರ್ಮಿಸ್ ಇತ್ತು. ಅರ್ಜೆಂಟೀನಾದ ಎರಡು ಸೂಪರ್ ಎತಾಂದಾರ್ ವಿಮಾನಗಳು ಅಲೆಗಳನ್ನು ಸವರಿಕೊಂಡು ಬಂದು, ಒಂದೊಂದು ಎಕ್ಸೋಸೆಟ್ ಕ್ಷಿಪಣಿ ಬಿಟ್ಟು ಮರಳಿದವು. ಒಂದು ಗುರಿ ತಪ್ಪಿತು. ಇನ್ನೊಂದು ಷೆಫೀಲ್ಡ್‌ನ ಬಲಮಗ್ಗುಲನ್ನು ಸೀಳಿ ಒಳಹೊಕ್ಕಿತು. 20 ಜನ ಸತ್ತರು. ಸುಟ್ಟು ಕರಕಲಾದ ಹಡಗನ್ನು ಎಳೆದೊಯ್ಯುತ್ತಿದ್ದಾಗ ಮೇ 10ರಂದು ಅದು ಮುಳುಗಿತು.

ಹರ್ಮಿಸ್ ನಮಗೆ ಹೊಸಬಳಲ್ಲ. 1987ರಲ್ಲಿ ಅವಳೇ ನಮ್ಮ ನೌಕಾಪಡೆಗೆ ವಿರಾಟ್ ಆಗಿ ಬಂದಳು, ಮೂವತ್ತು ವರ್ಷ ದುಡಿದಳು. ಆದ್ದರಿಂದ ಈ ಕಥೆ ದೂರದ ದೇಶದ್ದಾದರೂ ಪರರದ್ದು ಎಂದು ನನಗೆ ಅನ್ನಿಸುವುದಿಲ್ಲ.

ಷೆಫೀಲ್ಡ್‌ನ ಸಿಬ್ಬಂದಿಯಿಂದ ತಪ್ಪುಗಳಾಗಿದ್ದವು. ವಿಚಾರಣಾ ಮಂಡಳಿ ಅದನ್ನು ಬರೆದಿಟ್ಟಿದೆ. ಹೊಣೆಯ ಅಧಿಕಾರಿಗಳು ಜಾಗದಲ್ಲಿರಲಿಲ್ಲ, ಎಚ್ಚರಿಕೆಯ ಸೂಚನೆಗೆ ಸ್ಪಂದಿಸಲಿಲ್ಲ. ಅಲ್ಲಗಳೆಯುವುದಿಲ್ಲ. ಆದರೆ ಆ ಜನರಿಗೆ ಸಿಕ್ಕ ಸಮಯವೆಷ್ಟು? ನಾನು ಕಾರವಾರದವನು. ನಮ್ಮ ಬೈತಖೋಲದ ಬಂದರಿನಿಂದ ಹೊರಡುವ ದೋಣಿಗಳಲ್ಲಿ ದೂರದ್ದನ್ನು ನೋಡಬೇಕಾದಾಗ ಒಬ್ಬ ಹುಡುಗ ಕ್ಯಾಬಿನ್ನಿನ ತಲೆಯ ಮೇಲೆ ಹತ್ತಿ ನಿಲ್ಲುತ್ತಾನೆ. ಭೂಮಿ ದುಂಡಗಿದೆ, ಎತ್ತರ ಹತ್ತಿದಷ್ಟೂ ದಿಗಂತ ಹಿಂದಕ್ಕೆ ಸರಿಯುತ್ತದೆ. ರೇಡಾರ್‌ಗೂ ಇದೇ ಲೆಕ್ಕ. ಹಡಗಿನ ಕಂಬದ ಮೇಲೆ 25 ಮೀಟರ್ ಎತ್ತರದಲ್ಲಿರುವ ರೇಡಾರ್‌ಗೆ, ನೀರಿನಿಂದ ಮೂರೇ ಮೀಟರ್ ಮೇಲೆ ಬರುವ ಕ್ಷಿಪಣಿ ಸುಮಾರು 28 ಕಿಲೋಮೀಟರ್ ದೂರದಲ್ಲಿ ದಿಗಂತ ದಾಟಿ ಬರುತ್ತದೆ. ಎಕ್ಸೋಸೆಟ್ ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ ಹಾರುತ್ತದೆ. ಎಲ್ಲವೂ ಸರಿಯಾಗಿದ್ದರೂ ಉಳಿಯುವುದು ಒಂದೂವರೆ ನಿಮಿಷ. ಅದೇ ರೇಡಾರನ್ನು ವಿಮಾನದಲ್ಲಿಟ್ಟು 3000 ಮೀಟರ್ ಮೇಲಕ್ಕೆ ಕಳುಹಿಸಿದ್ದರೆ ಅದರ ನೋಟ 200 ಕಿಲೋಮೀಟರ್ ದಾಟುತ್ತಿತ್ತು.

ಬ್ರಿಟನ್ ಬಳಿ ಅಂಥ ವಿಮಾನ ಇತ್ತು. ಹೆಸರು ಗ್ಯಾನೆಟ್. ಹಬೆಯ ಕ್ಯಾಟಪಲ್ಟ್ ಅದನ್ನು ಹಡಗಿನ ಮೇಲಿನಿಂದ ಕವಣೆಕಲ್ಲಿನಂತೆ ಬೀಸಿ ಎಸೆಯುತ್ತಿತ್ತು. ಕ್ಯಾಟಪಲ್ಟ್ ಬೇಕೆಂದರೆ ದೊಡ್ಡ ಹಡಗು ಬೇಕು, ದೊಡ್ಡ ಹಡಗೆಂದರೆ ದುಡ್ಡು. 1966ರ ಫೆಬ್ರವರಿಯಲ್ಲಿ ಸರ್ಕಾರ ಹೊಸ ವಿಮಾನವಾಹಕ ನೌಕೆಯ ಯೋಜನೆಯನ್ನೇ ಕೈಬಿಟ್ಟಿತು. ನೌಕಾಪಡೆಯ ಮಂತ್ರಿ ಕ್ರಿಸ್ಟೋಫರ್ ಮೇಹ್ಯೂ, ಪಡೆಯ ಮುಖ್ಯಸ್ಥ ಡೇವಿಡ್ ಲೂಸ್ ಇಬ್ಬರೂ ರಾಜೀನಾಮೆ ಕೊಟ್ಟು ಹೊರನಡೆದರು. ನೆಲದ ಮೇಲಿನ ವಿಮಾನ ನಿಲ್ದಾಣಗಳಿಂದ ವಾಯುಪಡೆಯೇ ಹಡಗುಗಳನ್ನು ಕಾಯುತ್ತದೆ ಎಂಬುದು ಸರ್ಕಾರದ ಭರವಸೆ. ಕ್ಯಾಟಪಲ್ಟ್ ಇದ್ದ ಕೊನೆಯ ಬ್ರಿಟಿಷ್ ವಿಮಾನವಾಹಕ, ಹಳೆಯ ಆರ್ಕ್ ರಾಯಲ್, 1979ರಲ್ಲಿ ನಿವೃತ್ತವಾಯಿತು, ಗ್ಯಾನೆಟ್ ಅದರೊಂದಿಗೇ ಹೋಯಿತು. ಮೂರೇ ವರ್ಷಕ್ಕೆ ಯುದ್ಧ ಬಂತು, ಬಂದದ್ದು ಬ್ರಿಟನ್ನಿನಿಂದ ಸುಮಾರು 13,000 ಕಿಲೋಮೀಟರ್ ಆಚೆಗೆ. ಷೆಫೀಲ್ಡ್ ಮುಂದೆ ಹೋಗಿ ಕಾವಲು ನಿಂತದ್ದು ಏಕೆಂದರೆ, ಆಕಾಶದಿಂದ ನೋಡಬೇಕಾದ ಕಣ್ಣಿನ ಕೆಲಸವನ್ನು ಹಡಗುಗಳೇ ಮಾಡಬೇಕಾಗಿತ್ತು.

ಆ ಹಡಗೂ ಖರ್ಚಿನ ಕತ್ತರಿಗೆ ಸಿಕ್ಕಿಯೇ ಹುಟ್ಟಿದ್ದು. ಅದು ಟೈಪ್ 42 ವರ್ಗದ್ದು. ಖಜಾನೆಯ ಮಿತಿಯೊಳಗೆ ಹಿಡಿಸಲು ವಿನ್ಯಾಸಕಾರರು ಅದರ ಮೂತಿಯನ್ನೇ ಮೊಟಕು ಮಾಡಿದರು. ಉದ್ದ 125 ಮೀಟರ್‌ಗೆ ನಿಂತಿತು. ಬಿರುಸಿನ ಕಡಲಿನಲ್ಲಿ ಮುಂಭಾಗದ ಮೇಲೆ ನೀರು ಉಕ್ಕಿ ಹರಿಯುತ್ತಿತ್ತು. ಕ್ಷಿಪಣಿ ಇಡಲು ಸಿಕ್ಕ ಜಾಗ 22ಕ್ಕೆ ಮಾತ್ರ. ತೀರ ಹತ್ತಿರ ಬಂದ ಕ್ಷಿಪಣಿಯನ್ನು ಹೊಡೆದು ಕೆಡಹುವ ಆಯುಧ ಇರಲೇ ಇಲ್ಲ. ಉಪಗ್ರಹದ ಮೂಲಕ ಮಾತನಾಡುತ್ತಿರುವಾಗ ಶತ್ರುವಿನ ರೇಡಾರ್ ಗುರುತಿಸುವ ಸಾಧನ ಕುರುಡಾಗುತ್ತಿತ್ತು. ಮುಂದೆ ಇದೇ ವರ್ಗದ ಕೊನೆಯ ಹಡಗುಗಳನ್ನು 141 ಮೀಟರ್‌ಗೆ ಉದ್ದ ಮಾಡಿದರು. ಮೊದಲೇ ಬೇಕಿದ್ದ ಉದ್ದ ಅದು.

ಅಲ್ಯೂಮಿನಿಯಂ ಬಳಸಿದ್ದರಿಂದ ಷೆಫೀಲ್ಡ್ ಉರಿಯಿತು ಎಂದು ಇಂದಿಗೂ ಹೇಳುವವರಿದ್ದಾರೆ. ಅದು ಸುಳ್ಳು, ಆ ಹಡಗು ಉಕ್ಕಿನದು. ಉರಿದದ್ದು ಒಳಗಿನ ಸಾಮಾನು. ಬೆಂಕಿ ಆರಿಸುವ ನೀರಿನ ಮುಖ್ಯ ಕೊಳವೆ ಕ್ಷಿಪಣಿಯ ಹೊಡೆತಕ್ಕೆ ಒಡೆದಿತ್ತು, ನೀರಿನ ಒತ್ತಡವೇ ಇಲ್ಲ. ಕಪ್ಪು ಹೊಗೆ ಓಣಿಗಳಲ್ಲಿ ತುಂಬಿತು. ಇನ್ನೊಂದನ್ನು ಹೇಳಲು ನನಗೆ ಸಂಕಟವಾಗುತ್ತದೆ. ಆ ಯುದ್ಧದಲ್ಲಿ ನಾವಿಕರು ತೊಟ್ಟದ್ದು ಕೃತಕ ನೂಲಿನ ಬಟ್ಟೆ. ಒಗೆಯಲು ಸುಲಭ, ಇಸ್ತ್ರಿ ಬೇಡ. ಬೆಂಕಿಯ ಝಳಕ್ಕೆ ಅದು ಕರಗಿ ಚರ್ಮಕ್ಕೆ ಅಂಟಿಕೊಂಡಿತು. ಹತ್ತಿಯದಾಗಿದ್ದರೆ ಅಷ್ಟು ಆಳದ ಸುಟ್ಟಗಾಯ ಆಗುತ್ತಿರಲಿಲ್ಲ. ಒಂದು ಅಂಗಿ, ಒಂದು ಷರಾಯಿ, ಇಷ್ಟರ ಮಾತು.

ಹೆಲಿಕಾಪ್ಟರ್‌ನ ಮಗ್ಗುಲಿಗೆ ರೇಡಾರ್ ಕಟ್ಟಿ ಹಾರಿಸುವ ಕೆಲಸವನ್ನು ಅದೇ ದೇಶ ಆ ಬಳಿಕ 11 ವಾರಗಳಲ್ಲಿ ಮಾಡಿ ಮುಗಿಸಿತು! ಯುದ್ಧ ಅಷ್ಟರಲ್ಲಿ ಮುಗಿದಿತ್ತು. ಇಷ್ಟೆಲ್ಲ ಆದ ಮೇಲೂ, ಬ್ರಿಟನ್ನಿನ 65,000 ಟನ್ನಿನ ಹೊಸ ವಿಮಾನವಾಹಕಗಳಾದ ಕ್ವೀನ್ ಎಲಿಜಬೆತ್ ವರ್ಗದ ಹಡಗುಗಳಿಗೆ ಕ್ಯಾಟಪಲ್ಟ್ ಇಲ್ಲ. 2010ರಲ್ಲಿ ಒಂದಕ್ಕೆ ಹಾಕುತ್ತೇವೆ ಎಂದರು, 2012ರಲ್ಲಿ ಖರ್ಚಿನ ಅಂದಾಜು ದ್ವಿಗುಣವಾಯಿತೆಂದು ಬಿಟ್ಟರು. ಇಂದಿಗೂ ಅವುಗಳ ಆಕಾಶದ ಕಣ್ಣು ಹೆಲಿಕಾಪ್ಟರೇ.

ಈಗ ನಮ್ಮ ಮನೆಯ ಮಾತು. ಕಾರವಾರದ ಕದಂಬ ನೌಕಾನೆಲೆಯೇ ನಮ್ಮ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ಮನೆ. ರಷ್ಯಾ ಹಡಗನ್ನು ಉಚಿತವಾಗಿಯೇ ಕೊಡುತ್ತೇನೆ ಎಂದಿತ್ತು. ದುರಸ್ತಿಗೆ, ವಿಮಾನಗಳಿಗೆ ಮಾತ್ರ ಹಣ. 2004ರಲ್ಲಿ ಹಡಗಿನ ಲೆಕ್ಕ 97 ಕೋಟಿ ಡಾಲರ್ ಇತ್ತು, 2010ರ ಹೊತ್ತಿಗೆ ಅದು 230 ಕೋಟಿ ಡಾಲರ್ ಮುಟ್ಟಿತು. 2012ರ ಪರೀಕ್ಷೆಯಲ್ಲಿ ಬಾಯ್ಲರ್‌ಗಳ ಒಳಗಿನ ಇಟ್ಟಿಗೆ ತಾಳಲಿಲ್ಲ. 2013ರ ನವೆಂಬರಿನಲ್ಲಿ ಹಡಗು ನಮ್ಮದಾದಾಗ ಅದರ ಮೈಮೇಲೆ ತನ್ನನ್ನು ತಾನು ಕಾಯ್ದುಕೊಳ್ಳುವ ವಾಯುರಕ್ಷಣಾ ಆಯುಧವೇ ಇರಲಿಲ್ಲ. ಬರಾಕ್ ಕ್ಷಿಪಣಿಗಳನ್ನು ಜೋಡಿಸಿದ್ದು ನಂತರ. ಷೆಫೀಲ್ಡ್ ಮುಳುಗಿ 31 ವರ್ಷ ಕಳೆದಿದ್ದವು.

ಅದರ ಮೇಲಿನ ಮಿಗ್-29ಕೆ ವಿಮಾನಗಳ ಬಗ್ಗೆ ಮಹಾಲೇಖಪಾಲರ ವರದಿ 2016ರಲ್ಲಿ ಬಂತು. ಹಾರಾಟಕ್ಕೆ ಸಿದ್ಧವಿದ್ದ ವಿಮಾನಗಳ ಪ್ರಮಾಣ ಶೇ 16ರಿಂದ 38ರ ಒಳಗೆ. 65 ಎಂಜಿನ್‌ಗಳಲ್ಲಿ 40ನ್ನು ದೋಷದಿಂದ ತೆಗೆದಿಡಬೇಕಾಗಿತ್ತು. ವಿಕ್ರಮಾದಿತ್ಯಕ್ಕೂ 2022ರಲ್ಲಿ ಸೇರಿದ ಹೊಸ ವಿಕ್ರಾಂತ್‌ಗೂ ಕ್ಯಾಟಪಲ್ಟ್ ಇಲ್ಲ. ಮುಂದಿನ ತುದಿ ಮೇಲಕ್ಕೆ ಬಾಗಿದೆ, ವಿಮಾನ ತನ್ನದೇ ಎಂಜಿನ್ ಬಲದಲ್ಲಿ ಓಡಿ ಹಾರಬೇಕು. ಹೀಗೆ ಹಾರುವ ವಿಮಾನ ಇಂಧನ, ಬಾಂಬು ಎರಡರಲ್ಲೂ ರಾಜಿ ಮಾಡಿಕೊಳ್ಳುತ್ತದೆ. ದೊಡ್ಡ ರೇಡಾರ್ ಹೊತ್ತ ನಿಧಾನಗತಿಯ ವಿಮಾನವಂತೂ ಮೇಲೇಳುವುದೇ ಇಲ್ಲ. ಆ ಕೆಲಸ ನಮ್ಮಲ್ಲಿ ಕಾಮೊವ್-31 ಹೆಲಿಕಾಪ್ಟರಿನದು.

ನಮ್ಮ ನೌಕಾಪಡೆಯವರು ದಡ್ಡರೆಂದು ನಾನು ಹೇಳುತ್ತಿಲ್ಲ. ಇದ್ದ ಹಣದಲ್ಲಿ ಹಡಗು ಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಹಡಗು ಬೇಕೆಂದರು. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ. ಆದರೆ ಕಡಿತ ಯಾವಾಗಲೂ ಕಣ್ಣಿಗೆ ಕಾಣದ ಜಾಗದಲ್ಲೇ ಆಗುತ್ತದೆ, ರೇಡಾರಿನಲ್ಲಿ, ಕೊಳವೆಯಲ್ಲಿ, ಬಟ್ಟೆಯಲ್ಲಿ. ದಡದಲ್ಲಿ ನಿಂತು ನೋಡುವ ನಮಗೆ ಹಡಗು ಅಷ್ಟೇ ದೊಡ್ಡದಾಗಿ ಕಾಣುತ್ತದೆ. ಮುಂದಿನ ವಿಮಾನವಾಹಕದ ಚರ್ಚೆ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಟನ್ನಿನ ಲೆಕ್ಕ, ಕೋಟಿಯ ಲೆಕ್ಕ ಓದುತ್ತೇನೆ. ನಾನು ಮೊದಲು ಹುಡುಕುವುದು ಕ್ಯಾಟಪಲ್ಟ್ ಎಂಬ ಒಂದು ಪದವನ್ನು.

ನಮಸ್ಕಾರ.