ಬ್ಲ್ಯಾಕ್ ಸಬ್ಬತ್: ಮೊದಲ ನಾಲ್ಕು ಆಲ್ಬಂ

ಕೇಳುಗರಿಗೆಲ್ಲ ನಮಸ್ಕಾರ.

2025ರ ಜುಲೈ 5ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನದಲ್ಲಿ, ಬ್ಲ್ಯಾಕ್ ಸಬ್ಬತ್ ಎಂಬ ರಾಕ್ ತಂಡದ ಮೂಲ ನಾಲ್ವರು ಕೊನೆಯ ಸಲ ಒಟ್ಟಿಗೆ ವೇದಿಕೆ ಹತ್ತಿದರು. ನುಡಿಸಿದ್ದು ನಾಲ್ಕೇ ಹಾಡು. ನಾಲ್ಕೂ 1970ರಲ್ಲಿ ಬಂದ ಎರಡು ಆಲ್ಬಂಗಳವು. ಅದೇ ತಿಂಗಳ 22ಕ್ಕೆ ಹಾಡುಗಾರ ಆಝಿ ಆಸ್ಬರ್ನ್ ತೀರಿಕೊಂಡರು.

ಆ ಎರಡು ಆಲ್ಬಂ ಅಷ್ಟು ದೊಡ್ಡವಾ ಅಂದರೆ, ದೊಡ್ಡವೇ. ಆದರೂ ತಂಡದ ಅತ್ಯುತ್ತಮ ಕೆಲಸ ಮೂರನೆಯದರಲ್ಲಿದೆ ಅನ್ನುವವನು ನಾನು. ಯಾಕೆ ಅಂತ ಹೇಳುತ್ತೇನೆ.

ಮೊದಲ ಆಲ್ಬಂನ ಹೆಸರೂ ಬ್ಲ್ಯಾಕ್ ಸಬ್ಬತ್ತೇ. 1969ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಸ್ಟುಡಿಯೊ ಒಂದರಲ್ಲಿ, ಒಂದೇ ದಿನದಲ್ಲಿ ನುಡಿಸಿ ಮುಗಿಸಿದರು. ಮಾರುಕಟ್ಟೆಗೆ ಬಂದದ್ದು 1970ರ ಫೆಬ್ರವರಿ 13, ಶುಕ್ರವಾರ. ಆ ಕಡೆಯವರಿಗೆ ಅಪಶಕುನದ ದಿನ. ಶುರುವಿನಲ್ಲಿ ಮಳೆ, ಗುಡುಗು, ದೂರದಲ್ಲೊಂದು ಗಂಟೆ. ಆಮೇಲೆ ಟೋನಿ ಐಯೋಮಿಯ ಗಿಟಾರ್.

ಅವರು ನುಡಿಸುವುದು ಮೂರೇ ಸ್ವರ. ಕೆಳಗಿನ ಸ, ಮೇಲಿನ ಸ, ಅಲ್ಲಿಂದ ಇಳಿದು ಪ್ರತಿ ಮಧ್ಯಮ. ಕಲ್ಯಾಣಿ ಕೇಳಿ ಬೆಳೆದ ನಮಗೆ ಈ ಮಧ್ಯಮ ಹೊಸದೇನಲ್ಲ. ಕಲ್ಯಾಣಿಯಲ್ಲಿ ಅದು ಪಂಚಮಕ್ಕೆ ಹತ್ತಿ ಹಗುರಾಗುತ್ತದೆ. ಇಲ್ಲಿ ಪಂಚಮದಲ್ಲಿ ನೆಲೆ ನಿಲ್ಲುವುದೇ ಇಲ್ಲ. ಆ ಮಧ್ಯಮದಲ್ಲೇ ನಡುಗುತ್ತಾ ಇರುತ್ತದೆ. ಅದರ ಹಿಂದೆ ಡ್ರಮ್ಸ್ ಬಹಳ ನಿಧಾನ. ಮುಂದಿನ ಏಟು ಬೀಳುತ್ತೋ ಇಲ್ಲವೋ ಅನ್ನುವಷ್ಟು ನಿಧಾನ. ಹೆದರಿಕೆ ಹುಟ್ಟುವುದು ಆ ಕಾಯುವಿಕೆಯಲ್ಲಿ.

ಆಲ್ಬಂನ ಉಳಿದ ಭಾಗ ಇದಕ್ಕೆ ಸಮ ಇಲ್ಲ. ರೆಕಾರ್ಡಿನ ಎರಡನೆಯ ಬದಿಯಲ್ಲಿ ಗಿಟಾರ್ ಸುಮ್ನೆ ಅಲೆದಾಡುತ್ತದೆ. ಬೇರೆಯವರ ಹಾಡನ್ನೂ ತಂದು ಹಾಕಿದ್ದಾರೆ. ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸ್, ಇವರು ಕ್ರೀಮ್ ಎಂಬ ಇನ್ನೊಂದು ರಾಕ್ ತಂಡದ ಹಾಗೇ, ಆದರೆ ಅದಕ್ಕಿಂತ ಕಳಪೆ ಅಂತ ಬರೆದರು. ಎರಡನೆಯ ಬದಿಯ ಮಟ್ಟಿಗೆ ಆ ಮಾತು ಪೂರ್ತಿ ಸುಳ್ಳಲ್ಲ ಬಿಡಿ.

ಐಯೋಮಿಯ ಕೈ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಅವತ್ತೇ ಅಲ್ಲಿ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಅವರು ಎಡಗೈಯಲ್ಲಿ ಮೀಟುವವರು, ಹಾಗಾಗಿ ತಂತಿ ಒತ್ತಬೇಕಾದ ಬೆರಳುಗಳೇ ಅವು. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿದರು. ಬಿಗಿ ತಂತಿ ಒತ್ತಿದರೆ ನೋವು. ಅದಕ್ಕೇ ತೆಳು ತಂತಿ ಹಾಕಿದರು.

ಎರಡನೆಯ ಆಲ್ಬಂ ಪ್ಯಾರನಾಯ್ಡ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಂತು. ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿತು. ಹೆಸರು ಕೊಟ್ಟ ಹಾಡು ಆಲ್ಬಂನಲ್ಲಿ ಉಳಿದ ಜಾಗ ತುಂಬಿಸಲು ಅವಸರದಲ್ಲಿ ಕಟ್ಟಿದ್ದು, ಅದೇ ಎಲ್ಲಕ್ಕಿಂತ ಜಾಸ್ತಿ ಹೆಸರು ಮಾಡಿತು. ಆಲ್ಬಂಗೆ ಮೊದಲು ವಾರ್ ಪಿಗ್ಸ್ ಅಂತ ಹೆಸರಿಡುವವರಿದ್ದರು. ಹೆಸರು ಬದಲಾಯಿತು, ಮುಖಪುಟ ಬದಲಾಗಲಿಲ್ಲ. ಹಾಗಾಗಿ ಕತ್ತಿ ಹಿಡಿದು ನುಗ್ಗುವವನ ಚಿತ್ರಕ್ಕೂ ಹೆಸರಿಗೂ ಸಂಬಂಧವೇ ಇಲ್ಲ.

ವಾರ್ ಪಿಗ್ಸ್ ಹಾಡನ್ನೇ ತೆಗೆದುಕೊಳ್ಳಿ. ಸಾಹಿತ್ಯ ಬೇಸ್ ಗಿಟಾರ್ ನುಡಿಸುವ ಗೀಝರ್ ಬಟ್ಲರ್ ಅವರದು. ಯುದ್ಧ ಹೂಡುವವರ ಮೇಲಿನ ಸಿಟ್ಟು, ವಿಯೆಟ್ನಾಂ ಕಾಲದ್ದು. ಆಝಿ ಹಾಡುವಾಗ ಗಿಟಾರ್ ಎರಡು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ಆಗ ಉಳಿಯುವುದು ದನಿ, ಜೊತೆಗೆ ಡ್ರಮ್ಸ್ ನುಡಿಸುವ ಬಿಲ್ ವಾರ್ಡ್ ಅವರ ಹೈ-ಹ್ಯಾಟ್ ತಾಳದ ಟಿಸ್ ಟಿಸ್. ವಾರ್ಡ್ ಜಾಝ್ ಕೇಳಿ ಬೆಳೆದವರು, ಜಾಝ್ ಡ್ರಮ್ಮರ್ ಜೀನ್ ಕ್ರೂಪಾ ಅವರ ಅಭಿಮಾನಿ. ಅವರ ಏಟು ಮಿಲಿಟರಿ ಕವಾಯತಿನ ಹಾಗೆ ನೆಟ್ಟಗೆ ಬೀಳುವುದಿಲ್ಲ, ಕೊಂಚ ತೂಗುತ್ತದೆ. ಮುಂದೆ ನೂರಾರು ತಂಡಗಳು ಸಬ್ಬತ್ತಿನ ಗಿಟಾರ್ ಎತ್ತಿಕೊಂಡವು. ಈ ತೂಗಾಟವನ್ನು ಬಹಳ ಜನ ಬಿಟ್ಟೇಬಿಟ್ಟರು. ಅದಕ್ಕೇ ಅವರ ಸದ್ದು ದೊಡ್ಡದಾದರೂ ಕಾಲು ಕುಣಿಯುವುದಿಲ್ಲ.

ಈಗ ಮೂರನೆಯದು, 1971ರ ಮಾಸ್ಟರ್ ಆಫ್ ರಿಯಾಲಿಟಿ. ಬೆರಳಿಗೆ ಇನ್ನೂ ಆರಾಮಾಗಲಿ ಅಂತ ಐಯೋಮಿ ಗಿಟಾರಿನ ಶ್ರುತಿಯನ್ನೇ ಇಳಿಸಿದರು. ಹಾರ್ಮೋನಿಯಂನಲ್ಲಿ ಕಪ್ಪು ಬಿಳಿ ಎರಡನ್ನೂ ಸೇರಿಸಿ ಎಣಿಸಿದರೆ ಮೂರು ಮನೆ ಕೆಳಗೆ. ಬಟ್ಲರ್ ಕೂಡ ಇಳಿಸಿದರು. ತಂತಿ ಸಡಿಲಾಯಿತು, ನಾದ ದಪ್ಪಗಾಯಿತು, ಗಿಟಾರೂ ಬೇಸೂ ಬೆರೆತು ಒಂದೇ ಗೋಡೆಯಾದವು. ಮೊದಲ ಹಾಡು ಐಯೋಮಿಯ ಕೆಮ್ಮಿನಿಂದಲೇ ಶುರು! ಚಿಲ್ಡ್ರನ್ ಆಫ್ ದ ಗ್ರೇವ್ ಹಾಡಿನಲ್ಲಿ ಇಷ್ಟು ಭಾರದ ಗಿಟಾರ್ ಕುದುರೆ ಓಟದಲ್ಲಿ ಹೋಗುತ್ತದೆ. ಮೊದಲ ಆಲ್ಬಂನ ಭಯ, ಎರಡನೆಯದರ ಹಾಡುಗಾರಿಕೆ ಇಲ್ಲಿ ಒಂದಾಗಿವೆ, ಅಲೆದಾಟ ಇಲ್ಲ. ಸಾಲಿಟ್ಯೂಡ್ ಎಂಬ ಮೆಲುಹಾಡಿನಲ್ಲಿ ಐಯೋಮಿ ಕೊಳಲನ್ನೂ ಊದಿದ್ದಾರೆ. ಇವರನ್ನು ಸೈತಾನನ ಭಕ್ತರು ಅಂತ ಬೈದವರುಂಟು. ಇದೇ ಆಲ್ಬಂನ ಆಫ್ಟರ್ ಫಾರೆವರ್ ದೇವರನ್ನು ನಂಬಿ ಅನ್ನುವ ಹಾಡು. ಬೈದವರು ಅಷ್ಟು ದೂರ ಕೇಳಿರಲಿಕ್ಕಿಲ್ಲ, ಅಲ್ವಾ?

1972ರ ನಾಲ್ಕನೆಯ ಆಲ್ಬಂ ವಾಲ್ಯೂಮ್ ಫೋರ್. ಲಾಸ್ ಏಂಜಲೀಸ್‌ನಲ್ಲಿ ಮಾಡಿದ್ದು, ಕೊಕೇನ್ ಮಿತಿಮೀರಿದ ಕಾಲ. ಸೂಪರ್‌ನಾಟ್ ಹಾಡು ಅದ್ಭುತ. ಚೇಂಜಸ್ ಹಾಡಿನಲ್ಲಿ ಗಿಟಾರೇ ಇಲ್ಲ, ಪಿಯಾನೊ ಜೊತೆ ಆಝಿಯ ದುಃಖದ ದನಿ. ಕೆಲವರಿಗೆ ಅದು ಅತಿಯಾಯಿತು ಅನ್ನಿಸುತ್ತದೆ, ನನಗೆ ಇಷ್ಟ. ಎಫ್‌ಎಕ್ಸ್ ಅನ್ನುವ ತುಣುಕನ್ನು ಮಾತ್ರ ಯಾಕೆ ಇಟ್ಟರೋ, ದಾಟಿಸಿ ಮುಂದೆ ಹೋಗಿ.

ಹೊಸದಾಗಿ ಕೇಳುವವರು ಮಾಸ್ಟರ್ ಆಫ್ ರಿಯಾಲಿಟಿಯಿಂದ ಶುರು ಮಾಡಿ. ಬರೀ ಮೂವತ್ತನಾಲ್ಕು ನಿಮಿಷ. ಒಂದು ಸಲವಾದರೂ ಗಿಟಾರ್ ಬಿಟ್ಟು ವಾರ್ಡ್ ಅವರ ಡ್ರಮ್ಸ್ ಕಡೆ ಕಿವಿ ಕೊಡಿ. ಗಿಟಾರ್ ಹೇಗೂ ಕೇಳಿಸಿಯೇ ಕೇಳಿಸುತ್ತದೆ.

ನಮಸ್ಕಾರ.